ಕೆಂಪು ಇಂಕಿನ ‘ಗುಡ್’

ಕೊಟ್ಟೂರಿನ ನಮ್ಮ ಓಣಿಯಲ್ಲಿ ಜೋಳದ ಖಡಕ್ ರೊಟ್ಟಿ ಮಾಡಿ ಮಾರುವವಳೊಬ್ಬಳಿದ್ದಾಳೆ. ನಲವತ್ತು ದಾಟಿದ ಮೇಲೆ ಹತ್ತನೇ ತರಗತಿ ಪರೀಕ್ಷೆ ಕಟ್ಟುವ ಹಟ ಅವಳದು. ಇಂಗ್ಲಿಷ್‌ಗೆ ಮಾತ್ರ ನನ್ನ ಬಳಿ ಬಂದಳು. ಕಾನ್ವೆಂಟಿನಲ್ಲಿ ಓದಿದವಳೆಂಬ ಜಂಬ ಈ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿರಲಿಲ್ಲ. ಖುಷಿಯಿಂದ ಒಪ್ಪಿದೆ.

ನಮ್ಮ ಮನೆಯ ಕಟ್ಟೆಯೇ ಕ್ಲಾಸ್‌ರೂಮ್. ಸಂಜೆ ಓಣಿಯ ಹೆಂಗಸರು ಅಲ್ಲೇ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂರುತ್ತಿದ್ದರು, ಅವಳ ಅತ್ತೆಯೂ.

“ರೊಟ್ಟಿಗೂ ಇಂಗ್ಲಿಷ್ ಕಲಿಸ್ತಾಳೇನು ನಮ್ಮ ಸೊಸಿ?” ಎಂದು ಅತ್ತೆ ಕಾಡುತ್ತಿದ್ದಳು.

“ನಿನಗ ಬೈದು ಬರದ್ರೂ ನಿನಗ ತಿಳಿಯಂಗಿಲ್ಲ ಬಿಡು. ಇಂಗ್ಲಿಷ್‌ನ್ಯಾಗ ಏನ್ ಬರದ್ರೂ ನಮ್ಮಿಬ್ಬರಿಗಷ್ಟ,” ಎಂದು ನಾನು ನಗಿಸಿದ್ದೆ.

ಪಾಸ್ಟ್ ಟೆನ್ಸ್ ಅವಳಿಗೆ ಒಗ್ಗುತ್ತಲೇ ಇರಲಿಲ್ಲ. ಒಂದು ಗುರುವಾರ, ನಿನ್ನೆ ಮನೆಯಲ್ಲಿ ನಡೆದದ್ದನ್ನು ಐದು ಸೆಂಟೆನ್ಸ್‌ನಲ್ಲಿ ಬರೆ ಎಂದೆ. ಬರೆದು ಪುಸ್ತಕ ಕೈಗಿಟ್ಟು ನನ್ನ ಮುಖವನ್ನೇ ನೋಡುತ್ತ ಕೂತಳು. ನಾನು ಕೆಂಪು ಪೆನ್ ಹಿಡಿದು ವರ್ಬ್‌ಗಳನ್ನಷ್ಟೇ ಹುಡುಕಿದೆ. ‘ಮೈ ಡಾಟರ್ ಕಮ್ ಹೋಮ್.’ ಕಮ್ ಅಲ್ಲ, ಕೇಮ್. ‘ಹಸ್ಬೆಂಡ್ ಬೀಟ್ ಹರ್.’ ಬೀಟ್ ಪಾಸ್ಟ್ ಟೆನ್ಸಿನಲ್ಲೂ ಬೀಟ್. ಪಕ್ಕದಲ್ಲಿ ‘ಗುಡ್’ ಎಂದು ಬರೆದೆ. ಐದಕ್ಕೆ ಒಂದು ಮಾರ್ಕ್ಸ್.

“ಎಲ್ಲಾ ತಿದ್ದಿ ಐದೈದು ಸಲ ಬರಕೊಂಡು ಬಾ.”

“ಹೂನ್ರಿ ಅಮ್ಮಾರ.”

ಮರುದಿನ ಶುಕ್ರವಾರ. ಶುಕ್ರವಾರ ಮಗಳನ್ನು ತವರಿನಿಂದ ಕಳಿಸುವುದಿಲ್ಲವೆಂದು, ಕರೆದೊಯ್ಯಲು ಬಂದ ಅಳಿಯನೂ ಒಂದು ದಿನ ಉಳಿದನಂತೆ. ಅವತ್ತು ಅವಳು ಎರಡು ಸಲ ನಮ್ಮ ಬಾಗಿಲಿಗೆ ಬಂದಳು. ರೊಟ್ಟಿ ಬೇಕೇನ್ರಿ ಎಂದು ಒಮ್ಮೆ, ನಳದಾಗ ನೀರು ಬಂತೇನ್ರಿ ಎಂದು ಇನ್ನೊಮ್ಮೆ. ಎರಡು ಸಲವೂ ನಾನು, “ವರ್ಬ್ಸ್ ಬರದ್ಯೇನು?” ಎಂದೆ. ಶನಿವಾರ ಮಗಳು ಗಂಡನ ಜೊತೆ ಅವನ ಊರಾದ ಇಟ್ಟಿಗಿಗೆ ಹೋದಳು.

ಮಗಳ ವಿಷಯವೆಲ್ಲ ನನಗೆ ಗೊತ್ತಾದದ್ದು ಸೋಮವಾರ, ಅವಳು ಪುಸ್ತಕ ತಂದಾಗ. ಒಂದೂ ತಪ್ಪಿರಲಿಲ್ಲ. ತಿದ್ದಲು ಏನೂ ಇಲ್ಲದ್ದರಿಂದ ಮೊದಲ ಸಲ ಓದಿದೆ. ಮಗಳು ಮನೆಗೆ ಬಂದಳು. ಗಂಡ ಹೊಡೆದ. ಅವಳು ಊಟ ಮಾಡಲಿಲ್ಲ. ನನ್ನ ಅತ್ತೆ ವಾಪಸ್ ಹೋಗು ಎಂದಳು. ನಾನು ಟೀಚರ್ ಹತ್ತಿರ ಸಹಾಯ ಕೇಳಿದೆ. ಐದು ಸಲ, ದುಂಡಗೆ.

“ಬಾಯಿಲೆ ಹೇಳಬಾರದಾಗಿತ್ತೇನು?” ಎಂದೆ.

“ಅತ್ತಿ ಅಲ್ಲೇ ಕುಂತಿದ್ಲಲ್ರಿ. ನಿಮ್ಮ ಮಾತು ಅಕಿ ಮೀರಂಗಿಲ್ಲ, ನೀವು ಹೇಳಿದ್ರ ಮಗಳನ್ನ ಇಟ್ಕೊಂತಿದ್ಲು ಅಂತ ಬರದಿದ್ದೆ. ಶುಕ್ರವಾರನೂ ಬಂದೆ. ಓದಿ ಸುಮ್ಮನಾಗ್ಯಾರ ಅಂದ್ಕೊಂಡೆ.”

ಆಗಲೇ ಇಬ್ಬರೂ ಬಸ್ ಹತ್ತಿದೆವು. ಇಟ್ಟಿಗಿಯಲ್ಲಿ ಬಾಗಿಲು ತೆರೆದ ಮಗಳು ನನ್ನನ್ನು ನೋಡಿ ಹಿಂಜರಿದಳು.

“ಯಾರವ್ವ ಇವರು?”

“ನನ್ನ ಟೀಚರು. ನಿನ್ನ ಕರಕೊಂಡು ಹೋಗಾಕ ಬಂದಾರ.” ಅಷ್ಟರಲ್ಲಿ ತಾಯಿ ಅವಳ ಹುಬ್ಬು ಮುಟ್ಟಿದಳು. ಗಾಯ ಇನ್ನೂ ಹಸಿಯಾಗಿತ್ತು. “ಇದು ಯಾವಾಗಿಂದು?”

“ನಿನ್ನಿ.”

ನಿನ್ನೆ ಭಾನುವಾರ. ನಾನು ಮುಂದಿನ ಪಾಠಕ್ಕೆ ವರ್ಬ್‌ಗಳ ಪಟ್ಟಿ ಬರೆಯುತ್ತ ಕೂತಿದ್ದೆ.