ಮುಚ್ಚಳದಮ್ಮನ ಮುಗಿಯದ ಜಗಳ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರು ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಮೊದಲ ಪಾಳಿಯವರು ಆಕಳಿಸುತ್ತ ಮಾಸ್ಕು ಕಟ್ಟಿಕೊಳ್ಳುತ್ತಿದ್ದಾರೆ. ಅಷ್ಟರಲ್ಲಾಗಲೇ ಒಬ್ಬ ಹೆಂಗಸು ಕಟಿಂಗ್ ಪ್ಲೇಯರ್ ಹಿಡಿದು ಡ್ರಮ್ಮಿನಿಂದ ಡ್ರಮ್ಮಿಗೆ ನಡೆಯುತ್ತಿದ್ದಾರೆ. ಬಣ್ಣ ತೆಳು ಮಾಡುವ, ಬಣ್ಣ ಸಿಂಪಡಿಸುವ ಗನ್ ತೊಳೆಯುವ ಥಿನ್ನರಿನ ಡ್ರಮ್ಮುಗಳವು. ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಮುಚ್ಚಳ ಪ್ರತಿಯೊಂದಕ್ಕೂ ಇದೆ. ಪ್ರತಿ ಸಲ ಎತ್ತುವ ರಗಳೆ ಬೇಡ, ಅದು ಮುಚ್ಚಿಕೊಳ್ಳದಿರಲಿ ಎಂದು ಹಿಂದಿನ ಪಾಳಿಯವರು ತಂತಿ ಬಿಗಿದು ಮನೆಗೆ ಹೋಗಿದ್ದಾರೆ.

"ಕಂಪನಿಯವರು ತಾನೇ ಮುಚ್ಚಿಕೊಳ್ಳೋ ಮುಚ್ಚಳ ತಂದ್ರು. ಇವರು ತಂತಿ ತಂದ್ರು. ನಾನು ಪ್ಲೇಯರ್ ತಂದೆ. ಇನ್ನೇನು ಹೇಳ್ಲಿ ನಿಮಗೆ?" ಎನ್ನುತ್ತ ಅವರು ಇನ್ನೊಂದು ತಂತಿ ಕತ್ತರಿಸುತ್ತಾರೆ. ಮುಚ್ಚಳ ಧಪ್ಪನೆ ಬೀಳುತ್ತದೆ.

ಇಡೀ ವಿಭಾಗಕ್ಕೆ ಇವರು ಮುಚ್ಚಳದಮ್ಮ. ಗೇಲಿಗೆ ಇಟ್ಟ ಹೆಸರು, ಈಗ ಮೇಲ್ವಿಚಾರಕರೂ ಹಾಗೇ ಕರೆಯುತ್ತಾರೆ. ಕಾರಿನ ಮೈಯಿಂದ ಧೂಳು ಒರೆಸುವ ಕೆಲಸಕ್ಕೆ ಸೇರಿದಾಗ ಮಗಳಿನ್ನೂ ಕೈಗೂಸು. ಸಂಜೆ ಮನೆ ಸೇರುವ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಎಷ್ಟು ತೊಳೆದರೂ ಕೂದಲಿಂದ ವಾಸನೆ ಹೋಗುತ್ತಿರಲಿಲ್ಲ. "ನಮ್ಮ ಯಜಮಾನರು, ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿರು, ಗಾಳಿ ಆಡಲಿ ಅಂತಿದ್ರು. ಮಗು ಅಳ್ತಿದ್ರೂ ನಾನು ಹೊಸಿಲಾಚೆ." ಆಮೇಲೆ ಡ್ರಮ್ಮುಗಳ ಉಸ್ತುವಾರಿ ಇವರ ಪಾಲಿಗೆ ಬಂತು. ಬೇರೆ ಯಾರೂ ಒಪ್ಪಿರಲಿಲ್ಲವಂತೆ.

ಕಾರ್ಖಾನೆಯ ಮಾಲಿನ್ಯ ಎಂದರೆ ನಾವೆಲ್ಲ ಚಿಮಣಿಯ ಕಡೆ ಕತ್ತೆತ್ತಿ ನೋಡುತ್ತೇವೆ. ಇಲ್ಲಿನ ಕೆಡುಕು ಕಣ್ಣಿಗೆ ಬೀಳುವಂಥದ್ದಲ್ಲ, ಥಿನ್ನರ್ ಆರುವಾಗ ಏಳುವ ಆವಿ ಅದು. ಬಣ್ಣ ಒಣಗಿಸುವ ಒಲೆಯ ಆವಿಯನ್ನು ಸುಡಲು ಚಿಮಣಿಯ ಬುಡದಲ್ಲಿ ದೊಡ್ಡದೊಂದು ಕುಲುಮೆ ಕೂರಿಸಿದ್ದಾರೆ. ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ, ನನಗೂ ತೋರಿಸಿದರು. ಆದರೆ ಬಾಯಿ ತೆರೆದ ಡ್ರಮ್ಮಿನ ಆವಿ ಕುಲುಮೆಯ ದಾರಿ ಹಿಡಿಯುವುದಿಲ್ಲ. ಛಾವಣಿಯ ಫ್ಯಾನು ಅದನ್ನು ಸೀದಾ ಗೋಡೆಯಾಚೆಯ ಮನೆಗಳ ಮೇಲೆ ಊದುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದನ್ನು ಕೇಳಿದ್ದೆವು. ಇಲ್ಲಿ ಕೋಟೆಗೆ ಚಿನ್ನದಂಥ ಬಾಗಿಲಿದೆ, ಪಕ್ಕದ ಗೋಡೆಯೇ ಇಲ್ಲ.

ಇದು ಯಾರಿಗೂ ತಿಳಿಯದ ಗುಟ್ಟೇನಲ್ಲ. ಅಧಿಕಾರಿಗಳಿಗೆ ಗೊತ್ತು, ಪೇಂಟರುಗಳಿಗೆ ಗೊತ್ತು, ಮುಚ್ಚಳ ಮುಚ್ಚಿ ಎನ್ನುವ ಗೋಡೆಯ ಮೇಲಿನ ಪೋಸ್ಟರಿಗೂ ಗೊತ್ತು. "ಗೊತ್ತಿಲ್ಲದೋರಿಗೆ ಹೇಳ್ಕೊಡಬಹುದು. ಗೊತ್ತಿದ್ದೂ ಮಾಡೋರಿಗೆ ಏನು ಮಾಡ್ತೀರಿ? ಹೂಂ ಅಮ್ಮ ಅಂತಾರೆ, ತಲೆ ಆಡಿಸ್ತಾರೆ. ನಾನು ಆ ಕಡೆ ತಿರುಗಿದ್ನೋ, ಮತ್ತೆ ತಂತಿ. ನಾಯಿ ಬಾಲವಾದ್ರೂ ನಳಿಗೆ ಒಳಗೆ ಇರೋಷ್ಟು ಹೊತ್ತು ನೆಟ್ಟಗಿರುತ್ತೆ."

ತಂತಿಗಿಂತ ದೊಡ್ಡ ತಲೆನೋವು ಗನ್ ತೊಳೆಯುವುದು. ಕೆಂಪು ಕಾರಿನ ಹಿಂದೆ ಬಿಳಿ ಕಾರು ಬಂದರೆ ಬಣ್ಣದ ಗನ್ನಿಗೆ ಥಿನ್ನರ್ ತುಂಬಿ, ಮುಚ್ಚಿದ ಡ್ರಮ್ಮೊಂದರ ಕಿಂಡಿಯಲ್ಲಿ ಮೂತಿ ಇಟ್ಟು ಒಳಗೇ ಸಿಂಪಡಿಸಿ ತೊಳೆಯಬೇಕು. ಪೇಂಟರುಗಳು ಗನ್ನನ್ನು ದೀಪದ ಬೆಳಕಿಗೆ ಎತ್ತಿ ಗಾಳಿಗೇ ಹೊಡೆಯುತ್ತಾರೆ. ಕೆಂಪು ಪೂರ್ತಿ ಹೋಯಿತೇ ಎಂದು ಕಾಣಬೇಕಲ್ಲ ಎಂಬುದು ಅವರ ವಾದ. ಹಾಗೆ ನೋಡಲೆಂದೇ ಬಿಳಿ ರಟ್ಟೊಂದನ್ನು ತೂಗುಹಾಕಿದ್ದಾರೆ. ಅಲ್ಲಿಯ ತನಕ ನಾಲ್ಕು ಹೆಜ್ಜೆ ನಡೆಯಬೇಕು, ಅದೇ ಕಷ್ಟ.

ಹೀಗೆ ಗಾಳಿಗೆ ಹೊಡೆಯುವುದರಲ್ಲಿ ಎತ್ತಿದ ಕೈ ಎರಡನೇ ಲೈನಿನ ಹಿರಿಯ ಪೇಂಟರು. ಅವರು ಮುಚ್ಚಳದಮ್ಮನ ಸ್ವಂತ ಅಳಿಯ.

ಉಳಿದವರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಬೈಯುವ ಈ ಅತ್ತೆ, ಅಳಿಯನ ಎದುರು ಸೆರಗು ಸರಿಪಡಿಸಿಕೊಂಡು ಬಹುವಚನದಲ್ಲಿ ಮಾತಾಡುತ್ತಾರೆ. ಅಳಿಯನಿಗೆ ಬೈಯುವುದುಂಟೇ? ಅದಕ್ಕೇ ಡ್ರಮ್ಮಿಗೆ ಬೈಯುತ್ತಿದ್ದರು. "ಏನೇ ಡ್ರಮ್ಮೇ, ನಿನ್ನ ಬಾಯಿ ಯಾರು ತೆಗೆದಿಟ್ರೇ, ನಾಚಿಕೆ ಆಗಲ್ವಾ ನಿನಗೆ ಅಂತಿದ್ದೆ. ಅವರಿಗೆ ಕೇಳೋ ಹಾಗೇ ಅಂತಿದ್ದೆ. ಡ್ರಮ್ಮಿಗಾದ್ರೂ ನಾಚಿಕೆ ಆಯ್ತೋ ಏನೋ, ಅವರಿಗಂತೂ ಆಗ್ಲಿಲ್ಲ." ಮಗಳ ಮದುವೆಯಾದಾಗಿನಿಂದ ಹೀಗೇ ನಡೆದಿತ್ತು ಎಂದು ಕೇಳಿ ನಾನೇ ಹಣೆ ಚಚ್ಚಿಕೊಂಡೆ.

ಕಳೆದ ತಿಂಗಳು ನೀರು ಕುತ್ತಿಗೆಗೆ ಬಂತು. ಎರಡನೇ ಲೈನಿನ ಗಾಳಿ ಮಿತಿ ದಾಟಿದೆ, ಇನ್ನೊಂದು ಪರೀಕ್ಷೆಯಲ್ಲೂ ದಾಟಿದರೆ ಲೈನನ್ನೇ ಮುಚ್ಚಿಸುತ್ತೇವೆ ಎಂದು ಮಾಲಿನ್ಯ ಅಳೆಯುವವರು ಹೇಳಿಹೋದರು. ಲೈನು ಮುಚ್ಚಿದರೆ ಅಲ್ಲಿಯ ಪೇಂಟರುಗಳೆಲ್ಲ ಮನೆಗೆ. ಅಳಿಯನೂ ಮನೆಗೆ, ಮಗಳ ಸಂಸಾರ ಬೀದಿಗೆ.

ಪರೀಕ್ಷೆಯ ದಿನ ಛಾವಣಿಯ ಮೇಲೆ ಅಳೆಯುವ ಯಂತ್ರ ಓಡುತ್ತಿತ್ತು. ಕೆಳಗೆ ಕೆಂಪು ಕಾರು ದಾಟಿ ಬಿಳಿ ಕಾರು ಬಂತು. ಅಳಿಯ ಗನ್ನಿಗೆ ಥಿನ್ನರ್ ತುಂಬಿ, ಹಳೇ ಚಾಳಿಯಂತೆ ಬೆಳಕಿಗೆ ಎತ್ತಿದರು. ಬೈಯೋಣವೆಂದರೆ ಹತ್ತಿರದಲ್ಲಿ ಒಂದು ಡ್ರಮ್ಮೂ ಇರಲಿಲ್ಲ.

"ಲೇ, ಇಳಿಸೋ ಅದನ್ನ. ಕೂತು ತಿನ್ನೋಕೆ ನಿಮ್ಮಪ್ಪ ಗಂಟು ಇಟ್ಟಿದಾನೇನೋ?"

ಲೈನಿಗೆ ಲೈನೇ ಗರಬಡಿದಂತೆ ನಿಂತಿತು. ಅಳಿಯನ ಮುಖ ಆ ಕೆಂಪು ಕಾರಿಗಿಂತ ಕೆಂಪಾಗಿತ್ತು ಎಂದು ಪಕ್ಕದ ಪೇಂಟರ್ ಇವತ್ತಿಗೂ ನಗುತ್ತಾರೆ. ಆದರೆ ಗನ್ ಕೆಳಗಿಳಿಯಿತು. ಡ್ರಮ್ಮಿನ ತನಕ ಹೋಗಿ ಅದರೊಳಗೇ ತೊಳೆದು, ರಟ್ಟಿನ ತನಕ ನಡೆದು, ಅದರ ಮೇಲೆ ತುಸುವೇ ಸಿಂಪಡಿಸಿ ನೋಡಿ ಅಳಿಯ ವಾಪಸ್ ಬಂದರು. ಅಂದು ಸಂಜೆಯವರೆಗೂ ಯಾರ ಗನ್ನೂ ಗಾಳಿಗೆ ಏಳಲಿಲ್ಲ. ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ಪಾಸು.

ರಾತ್ರಿ ಮಗಳ ಫೋನು ಬಂತು: "ಅಮ್ಮ, ಹತ್ತು ಜನರ ಮುಂದೆ ಇವರಿಗೆ ಲೇ ಅಂದ್ಯಂತೆ?" ಭಾನುವಾರ ತಪ್ಪದೆ ಅತ್ತೆಮನೆ ಊಟಕ್ಕೆ ಬರುತ್ತಿದ್ದ ಅಳಿಯ ಅಂದಿನಿಂದ ಆ ಕಡೆ ತಲೆಹಾಕಿಲ್ಲ. ನಾನು ಮೊನ್ನೆ ಹೋಗಿ ಅವರನ್ನು ಮಾತಾಡಿಸಿದೆ. "ಅತ್ತೆ ಹೇಳಿದ್ದು ಸರಿ, ಹೇಳಿದ ರೀತಿ ಸರಿ ಇಲ್ಲ," ಎಂದರು. ಗನ್ನಿನ ಮೂತಿ ಡ್ರಮ್ಮಿನೊಳಗೇ ಇತ್ತು. ಆದರೂ ಇವತ್ತು ಬೆಳಿಗ್ಗೆ ಮೊದಲ ಲೈನಿನಲ್ಲಿ ಮತ್ತೆ ತಂತಿ ಸಿಕ್ಕಿದೆ.

ಅಳಿಯನ ಮುನಿಸಿನ ಮಾತೆತ್ತಿದರೆ ಮುಚ್ಚಳದಮ್ಮ ಎರಡನೇ ಲೈನಿನ ಕಡೆ ನೋಡುತ್ತಾರೆ. ಅಲ್ಲಿ ಅಳಿಯ ಇವರಿಗೆ ಬೆನ್ನು ಮಾಡಿ ಮಾಸ್ಕು ಕಟ್ಟಿಕೊಳ್ಳುತ್ತಿದ್ದಾರೆ.

"ನನ್ನ ಮೇಲೆ ಮುಖ ಊದಿಸ್ಕೊಂಡೇ ದಿನಾ ಕೆಲಸಕ್ಕೆ ಬರ್ತಾರೆ. ಊದಿಸ್ಕೊಳ್ಳಲಿ ಬಿಡಿ. ಬರೋಕೆ ಕೆಲಸ ಇದೆಯಲ್ಲ."