ಹಾಲಿಗೆ ಒಂದು ಉದಾಹರಣೆ ವಾಕ್ಯ

ಮಗಳು ಸುಮಾ ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಸಿಕ್ಕಿ ಜರ್ಮನಿಯ ರೇಗನ್ಸ್‌ಬರ್ಗಿಗೆ ಹೋದ ಎರಡನೇ ವರ್ಷ. ನಾನು ಮೂರು ತಿಂಗಳ ವೀಸಾದಲ್ಲಿ ಅಲ್ಲಿದ್ದೆ. ನನ್ನ ವೃತ್ತಿ ಬಾಣಂತನ. ಉಡುಪಿಯಲ್ಲಿ ಇಪ್ಪತ್ತಾರು ವರ್ಷ ಮನೆಮನೆಗೆ ಹೋಗಿ ಬಾಣಂತಿಯರನ್ನೂ ಶಿಶುಗಳನ್ನೂ ಮೀಯಿಸಿದವಳು. ಓದಿದ್ದು ಐದನೇ ಕ್ಲಾಸು. ಬಾಯಿ ಮಾತ್ರ ಜೋರು. ಬೈಯದಿದ್ದರೆ ಬಾಣಂತಿ ಮಾತು ಕೇಳುವುದಿಲ್ಲ ಎಂದೇ ನಂಬಿದ್ದೆ.

ಕೆಳಗಿನ ಮನೆಯಲ್ಲಿ ಸ್ಪೇನಿನ ಮಾರ್ತಾ ಇದ್ದಳು. ಗಂಡ ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಅವಳಿಗೆ ಜರ್ಮನ್ನೂ ಇಲ್ಲ, ಇಂಗ್ಲಿಷೂ ಇಲ್ಲ. ಮಗುವಿಗೆ ಆರು ದಿನ. ಸರಿಯಾಗಿ ಮೊಲೆ ಹಿಡಿಯದೆ ತೂಕ ಇಳಿಯುತ್ತಿತ್ತು. ಮನೆಗೆ ಬಂದು ನೋಡುವ ಸೂಲಗಿತ್ತಿ, ಅಲ್ಲಿನವರು ಹೆಬಾಮೆ ಎನ್ನುತ್ತಾರೆ, ನಾಡಿದ್ದಿಗೆ ತೂಕ ಏರದಿದ್ದರೆ ಬಾಟಲಿ ಹಾಲು ಶುರು ಎಂದಿದ್ದಳು. ತನ್ನ ಹಾಲನ್ನೇ ಕುಡಿಸಬೇಕೆಂದು ಮಾರ್ತಾ ಅಳುತ್ತಿದ್ದಳು.

“ಅಮ್ಮಾ, ಇಲ್ಲಿ ಹಾಗೆಲ್ಲ ಒಬ್ಬರ ಮನೆಗೆ ನುಗ್ಗುದು ಸರಿಯಲ್ಲ,” ಎಂದಳು ಸುಮಾ.

“ನುಗ್ಗುದಿಲ್ಲ. ಬರಲಾ ಅಂತ ಕೇಳು.”

ಕೇಳಿದಳು. ಗಂಡನೂ ಒಪ್ಪಿದ, ಹೆಬಾಮೆಯೂ ಒಪ್ಪಿದಳು. ಹಗಲಿಗೆ ಗಂಡ ಫ್ಯಾಕ್ಟರಿಯಲ್ಲಿ, ನಾವಿಬ್ಬರೇ. ಇನ್ನು ಭಾಷೆ! ಅಳಿಯ ರಘು ಅವರ ಹತ್ತಿರ ಒಂದು ಪುಸ್ತಕವಿತ್ತು, ಆಫೀಸಿನ ಕೆಲಸಕ್ಕೆ ಸ್ಪೇನಿಗೆ ಹೋಗುವಾಗ ಕೊಂಡದ್ದು. ಒಂದು ಸ್ಪ್ಯಾನಿಷ್ ಪದ, ಅದನ್ನು ಬಳಸಿದ ಒಂದು ವಾಕ್ಯ, ಕೆಳಗೆ ಇಂಗ್ಲಿಷ್ ಅರ್ಥ. ಅವರು ಅದನ್ನು ನನಗೆ ಕನ್ನಡದಲ್ಲಿ ಹೇಳಬೇಕು.

“ಮ್ಯೂಸಿಯಂ ಎಲ್ಲಿದೆ?” ಎಂದು ಶುರುಮಾಡಿದರು.

“ಎಂತ ಮಾರಾಯ್ರೆ, ಹಸಿ ಬಾಣಂತಿಗೆ ಮ್ಯೂಸಿಯಂ ಎಂತಕ್ಕೆ? ಹಾಲು ಎಲ್ಲುಂಟು, ಅದನ್ನು ಹುಡುಕಿ.”

“ಹಾಲಿಗೆ ಒಂದೇ ವಾಕ್ಯ ಇರುದು ಅತ್ತೆ. ‘ನನಗೆ ಹಾಲು ಹಾಕಿದ ಕಾಫಿ ಬೇಕು.’”

“ಇರ್ಲಿ, ಬರೀರಿ.”

ಕನ್ನಡ ಅಕ್ಷರದಲ್ಲಿ ಹದಿನಾಲ್ಕು ವಾಕ್ಯ ಬರೆಸಿ ಫ್ರಿಜ್ಜಿಗೆ ಅಂಟಿಸಿದೆ. ದೋಸೆ ಹೊಯ್ಯುತ್ತಾ ಬಾಯಿಪಾಠ ಮಾಡಿದೆ. ವಾಕ್ಯ ಇಡೀ ಬಂತು. ಅದರೊಳಗೆ ಹಾಲು ಯಾವುದು, ಕಾಫಿ ಯಾವುದು ಎಂದು ಮಾತ್ರ ಗೊತ್ತಾಗಲಿಲ್ಲ.

ಮರುದಿನ ಮಾರ್ತಾ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಹೆಗಲು ಕಿವಿಯವರೆಗೆ ಬಿಗಿದಿತ್ತು, ಎದೆ ಕಲ್ಲಾಗಿತ್ತು. ಕುರ್ಚಿ ತೋರಿಸಿ, ಬಾಯಿಪಾಠದ ಸ್ಪ್ಯಾನಿಷಿನಲ್ಲಿ ‘ಇಲ್ಲಿ ಕುಳಿತುಕೊಳ್ಳಿ’ ಎಂದೆ, ಎದ್ದು ಬಂದು ಕೂತಳು. ಎದೆಗೆ ಬೆಚ್ಚಗಿನ ಬಟ್ಟೆ ಹಾಕಿದೆ. ಮಗುವಿಗೆ, ಡಾಕ್ಟರು ರೋಗಿಗೆ ಹೇಳುವ ವಾಕ್ಯ: ‘ದಯವಿಟ್ಟು ಬಾಯಿ ತೆರೆಯಿರಿ.’ ಅದು ಕಿರುಚಿತು. ಊರಲ್ಲಾದರೆ ಈ ಹೊತ್ತಿಗೆ ತಾಯಿಗೆ ನಾಲ್ಕು ಬೈದಿರುತ್ತಿದ್ದೆ. ಹಾಲು ಬರ್ತದೆ, ಹೆದರಬೇಡ ಎನ್ನಬೇಕಿತ್ತು. ಹಾಲಿಗೆ ಇದ್ದದ್ದು ಆ ಕಾಫಿಯ ವಾಕ್ಯ ಒಂದೇ. ಎದೆಯತ್ತ ಬೆರಳು ತೋರಿಸಿ, ಗಂಭೀರವಾಗಿ, ಗಟ್ಟಿಯಾಗಿ ಹೇಳಿದೆ: “ಕಿಯೆರೊ ಕಫೆ ಕೊನ್ ಲೆಚೆ!”

ಮಾರ್ತಾ ನನ್ನನ್ನು ನೋಡಿದಳು, ಎದೆಯನ್ನು ನೋಡಿಕೊಂಡಳು. ಆಮೇಲೆ ನಕ್ಕಳು ನೋಡಿ! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಹೆಗಲು ಇಳಿಯಿತು. ಬಟ್ಟೆ ಒದ್ದೆಯಾಯಿತು. ಹಾಲು! ತಕ್ಷಣ ಮಗುವನ್ನು ಒತ್ತಿ ಹಿಡಿಸಿದೆ. ಕಚ್ಚಿತು. ಗುಟುಕು, ಮತ್ತೊಂದು ಗುಟುಕು. ಆ ಸದ್ದಿಗೆ ನಾನೂ ಕೂಗಿಬಿಟ್ಟೆ, ಕನ್ನಡದಲ್ಲೇ.

ಮಾರನೆಯ ದಿನ ಹೆಬಾಮೆ ತೂಗಿದಳು. ನಲವತ್ತು ಗ್ರಾಂ ಏರಿತ್ತು. ಬಾಟಲಿ ಬೇಡವೆಂದಳು. ಮಾರ್ತಾ ನನಗೆ ಹಾಲು ಹಾಕಿದ ಕಾಫಿ ಮಾಡಿಕೊಟ್ಟಳು. ಸಕ್ಕರೆ ಕಡಿಮೆ, ಹೇಳಲು ವಾಕ್ಯವಿರಲಿಲ್ಲ, ಕುಡಿದೆ.

ಬಿಗಿದುಕೊಂಡ ಬಾಣಂತಿಗೆ ಹಾಲು ಇಳಿಯುವುದಿಲ್ಲ. ಬೈದು ಬಿಗಿ ಮಾಡುತ್ತಿದ್ದವಳು ನಾನೇ. ಅದು ತಿಳಿಯಲು ಇಪ್ಪತ್ತಾರು ವರ್ಷ ಬೇಕಾಯಿತು, ಬೈಗುಳಕ್ಕೆ ಒಂದೂ ಉದಾಹರಣೆ ವಾಕ್ಯವಿಲ್ಲದ ಪುಸ್ತಕವೂ ಬೇಕಾಯಿತು.