ಭೀಮಪಲಾಸದ ನಾಲ್ಕು ಸೋಮವಾರ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಇತಿಹಾಸದಲ್ಲಿ ಎಂ.ಎ. ಮುಗಿಸಿಕೊಂಡು ಚನ್ನಗಿರಿಗೆ ಮರಳಿ ಬಂದು ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳಲು ಶುರುಮಾಡಿದ್ದೆ. ಹೈಸ್ಕೂಲಿನ ದಿನಗಳಲ್ಲಿ ನನಗೆ ಸಂಗೀತ ಹೇಳಿಕೊಟ್ಟ ಟೀಚರ್ ಇನ್ನೂ ಅದೇ ಹೆಣ್ಣುಮಕ್ಕಳ ಶಾಲೆಯಲ್ಲಿದ್ದರು. ನನ್ನ ಕಂಠ ಹಾಡಿಗೆ ಒಗ್ಗುವಂಥದ್ದಲ್ಲ ಎನ್ನುವುದು ಎಪ್ಪತ್ತರ ದಶಕದಲ್ಲೇ ಅವರಿಗೂ ನನಗೂ ಗೊತ್ತಾಗಿತ್ತು. ಕಿವಿ ಮಾತ್ರ ಸರಿಯಿದೆ ಎಂದು ತಂಬೂರಿ ಕೊಟ್ಟು ತಮ್ಮ ಹಿಂದೆ ಕೂರಿಸಿದ್ದರು. ತಂಬೂರಿಯವರನ್ನು ಯಾರೂ ನೋಡುವುದಿಲ್ಲ, ಯಾರೂ ಮಾತನಾಡಿಸುವುದಿಲ್ಲ. ಅದು ನನಗೆ ಹಿತವಾಗಿತ್ತು. ಊರಿಗೆ ಮರಳಿದ ಮೊದಲ ವಾರವೇ ಹೋಗಿ ಮತ್ತೆ ಅದೇ ಜಾಗದಲ್ಲಿ ಕೂತೆ.

ಟೀಚರ್ ಧಾರವಾಡದ ಕಡೆಯವರು. ಹತ್ತನೆಯ ವಯಸ್ಸಿಗೇ ಹಿಂದೂಸ್ತಾನಿ ಕಲಿಯಲು ಕೂತವರು, ಮದುವೆಯಾಗಿ ಚನ್ನಗಿರಿಗೆ ಬಂದಿದ್ದರು. ಆ ಹೊತ್ತಿಗೆ ಐವತ್ತು ದಾಟಿತ್ತು. ಹಾರ್ಮೋನಿಯಂ ತಾವೇ ಬಾರಿಸಿಕೊಂಡು ಹಾಡುತ್ತಿದ್ದರು. ತಬಲಾಕ್ಕೆ ಬರುತ್ತಿದ್ದವರು ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಟೈಲರ್. ಬೆಳಗಿನಿಂದ ಹೊಲಿಗೆ ಯಂತ್ರ ತುಳಿದವರು ಸಂಜೆ ಡಗ್ಗಾದ ಮೇಲೆ ಕೈಯಿಟ್ಟರೆ ದಣಿವು ಕಾಣುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ.

ಆ ವರ್ಷ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಸಂಗೀತದ ಹುಚ್ಚಿನವರು ಸೇರಿಕೊಂಡು ಒಂದು ಏರ್ಪಾಡು ಮಾಡಿದ್ದರು. ಮೇಷ್ಟರುಗಳು, ಔಷಧಿ ಅಂಗಡಿಯವರು, ದಲ್ಲಾಳಿಗಳು, ಒಬ್ಬಿಬ್ಬರು ವಕೀಲರು. ಶ್ರಾವಣದ ನಾಲ್ಕು ಸೋಮವಾರ ನಾಲ್ಕು ಊರಲ್ಲಿ ಟೀಚರ್ ಕಛೇರಿ. ಶ್ರಾವಣ ಸೋಮವಾರ ಶಾಲೆ ಅರ್ಧ ದಿನ, ಹಾಗಾಗಿ ನಾಲ್ಕು ಗಂಟೆಗೆ ಶುರು. ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಬಂದು ಕೂರಬಹುದು.

ಮೊದಲ ಸೋಮವಾರ ನಮ್ಮೂರಿನದು, ಶಾಲೆಯ ಹಾಲಿನಲ್ಲಿ. ಇಳಿಹೊತ್ತಿನ ರಾಗವೆಂದು ಟೀಚರ್ ಭೀಮಪಲಾಸ ತೆಗೆದುಕೊಂಡರು. ಹಾಲು ತುಂಬಿತ್ತು. ನಿಧಾನಗತಿಯ ಭಾಗ ಇನ್ನೂ ಮೈಬಿಚ್ಚುತ್ತಿತ್ತು, ಹದಿನೈದು ನಿಮಿಷವೂ ಆಗಿರಲಿಲ್ಲ, ಹಿಂದಿನಿಂದ ಒಂದು ದನಿ ಬಂತು.

"ಅಕ್ಕೋರೇ, ಒಂದ್ ವಚನ ಆಗ್ಲಿ!"

"ಹೌದ್ರೀ, ವಚನ ಆಗ್ಲಿ" ಎಂದು ಇನ್ನೊಂದು ಮೂಲೆ.

ಟೀಚರ್ ನಗುತ್ತಲೇ ರಾಗವನ್ನು ಅಲ್ಲಿಗೆ ಮಡಚಿ ವಚನಕ್ಕೆ ಹೋದರು. ಆಮೇಲೆ ಮತ್ತೊಂದು ವಚನ, ಒಂದು ದೇವರನಾಮ, ಮಂಗಳ. ಜನ ಸಂತೋಷವಾಗಿ ಎದ್ದು ಹೋದರು. ಇದು ಎಂದಿನ ಕ್ರಮ. ಆದರೆ ಅಂದು ಮನೆಗೆ ನಡೆಯುವಾಗ ಅವರು ಎಂದೂ ಆಡದ ಮಾತು ಆಡಿದರು.

"ನಲವತ್ತ ವರ್ಷ ಆತು ನೋಡು ಹಾಡಾಕ ಹತ್ತಿ. ಮಂದಿ ಮುಂದ ಒಂದೇ ಒಂದು ರಾಗ ತುದೀತನಕ ಹಾಡಿಲ್ಲ. ಮನ್ಯಾಗ ಹಾಡೀನಿ. ಅಡಿಗಿಮನಿ ಗ್ವಾಡಿ ಕೇಳ್ಯಾವ."

"ಮುಂದಿನ ವಾರ ಹಾಡಿ ಟೀಚರ್."

"ಉಸಿರು ಮೊದಲಿನಂಗ ನಿಂದ್ರೂದಿಲ್ಲ. ಈ ಶ್ರಾವಣದಾಗ ಆದ್ರ ಆತು. ಮುಂದಿನ ವರ್ಷದ್ದು ನನಗ ನಂಬಿಕಿ ಇಲ್ಲ."

ಅಷ್ಟೇ ಹೇಳಿ ಸೊಪ್ಪಿನ ಗಾಡಿಯವನ ಹತ್ತಿರ ಮೆಂತ್ಯದ ಕಟ್ಟು ಆರಿಸಲು ನಿಂತರು. ಒಂದು ರಾಗ ಪೂರ್ತಿ, ಜನರೆದುರಿಗೆ. ಅವರಿಗೆ ಬೇಕಿದ್ದದ್ದು ಅಷ್ಟು. ಉಳಿದದ್ದು ಮೂರು ಸೋಮವಾರ.

ನಾನು ಅವರಿಗೆ ತಿಳಿಸದೆ ಒಂದು ಕೆಲಸ ಮಾಡಿದೆ. ಎಂ.ಎ.ಯ ಎರಡನೆಯ ವರ್ಷ ನಾನೊಂದು ಪ್ರಬಂಧ ಬರೆದಿದ್ದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಸಂಗೀತ ಅರಮನೆಗಳಿಂದ ಹೊರಬಂದು ಸಾರ್ವಜನಿಕ ಸಭಾಂಗಣಗಳಿಗೆ ಬಂದದ್ದರ ಬಗ್ಗೆ. ವರ್ತಕರು, ವಕೀಲರು, ಗುಮಾಸ್ತರು ಟಿಕೆಟ್ ಕೊಂಡು ಬಂದು ಕೂತು ಕೇಳುವುದನ್ನು ಹೇಗೆ ಕಲಿತರು ಎನ್ನುವುದು ಅದರ ವಿಷಯ. ಆ ಸಂಗೀತವನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಗ್ರಂಥಾಲಯದ ನಾಲ್ಕು ಪುಸ್ತಕಗಳಿಂದ ಮೂವತ್ತು ಪುಟ ಬರೆದು, ಜನ ಕ್ರಮೇಣ ಮೌನವಾಗಿ ಕೇಳಲು ಕಲಿತದ್ದೇ ನಾಗರಿಕತೆಯ ಗುರುತು ಎಂದು ಕೊನೆಯ ಪುಟದಲ್ಲಿ ತೀರ್ಪು ಕೊಟ್ಟಿದ್ದೆ. ಆ ವಾರ ನನಗೆ ನೆನಪಿದ್ದದ್ದು ಆ ತೀರ್ಪು ಮಾತ್ರ.

ಒಂದು ಹಾಳೆಯಲ್ಲಿ ಮೂರು ಸಾಲು ಬರೆದೆ. ಹಾಡಿನ ನಡುವೆ ಮಾತನಾಡಬಾರದು. ಕೂಗಿ ಕೇಳಿಕೆ ಇಡಬಾರದು. ಮುಗಿಯುವ ತನಕ ಚಪ್ಪಾಳೆ ಬೇಡ. ಹೊನ್ನಾಳಿಗೆ ಹೋದ ಕೂಡಲೇ ಅದನ್ನು ಅಲ್ಲಿನ ಏರ್ಪಾಡಿನವರ ಕೈಗೆ ಕೊಟ್ಟೆ. ಅವರು ನಿವೃತ್ತ ಹೆಡ್‌ಮಾಸ್ತರು. ಓದಿ ಬಹಳ ಸಂತೋಷಪಟ್ಟರು. ಟೀಚರ್ ಇನ್ನೂ ಒಳಗಿನ ಕೋಣೆಯಲ್ಲಿ ಟೀ ಕುಡಿಯುತ್ತಿರುವಾಗಲೇ ಮೈಕಿನ ಮುಂದೆ ನಿಂತು ಮೂರನ್ನೂ ಓದಿದರು. ತಮ್ಮದೂ ಒಂದು ಸೇರಿಸಿದರು: "ಕೆಮ್ಮು ಬಂದವರು ಎದ್ದು ಹೊರಗೆ ಹೋಗಿ, ಕೆಮ್ಮಿ, ಮುಗಿಸಿಕೊಂಡು ಒಳಗೆ ಬರತಕ್ಕದ್ದು."

ಟೀಚರ್ ಬಂದು ಕೂತರು. ನಾನು ತಂತಿ ಮೀಟಿದೆ. ಅಷ್ಟು ನಿಶ್ಶಬ್ದವಾದ ಸಭೆಯನ್ನು ಅದಕ್ಕೆ ಮೊದಲಾಗಲಿ ಆಮೇಲಾಗಲಿ ನಾನು ನೋಡಿಲ್ಲ. ಹೊಳೆಯ ಕಡೆಯಿಂದ ಬರುವ ಗಾಳಿಗೆ ಕಿಟಕಿಯ ಚಿಲಕ ಬಡಿಯುವುದು ಕೇಳುತ್ತಿತ್ತು. ಇನ್ನೂರು ಜನ ಪರೀಕ್ಷೆಗೆ ಕೂತವರ ಹಾಗೆ ಕೂತಿದ್ದರು. ನನಗೆ ಹೆಮ್ಮೆಯಾಯಿತು. ಐದು ನಿಮಿಷವಾದ ಮೇಲೆ ಟೀಚರ್ ಬೆನ್ನು ನೋಡಿದೆ. ಅದು ಬಿಗಿಯಾಗಿತ್ತು. ಒಂದು ಸೊಗಸಾದ ತಿರುವು ತೆಗೆದು ಅವರು ಕಣ್ಣು ತೆರೆದು ಜನರನ್ನು ನೋಡಿದರು. ಯಾರ ತಲೆಯೂ ಅಲುಗಲಿಲ್ಲ. ಮತ್ತೊಂದು ತೆಗೆದರು, ಮತ್ತೆ ನೋಡಿದರು. ಇಪ್ಪತ್ತು ನಿಮಿಷಕ್ಕೆ ರಾಗ ನಿಲ್ಲಿಸಿ, "ಗಂಟಲು ಸ್ವಲ್ಪ ಸರಿ ಇಲ್ಲರಿ" ಎಂದು ಕೈ ಮುಗಿದು ವಚನಕ್ಕೆ ಹೋದರು. ವಚನ ಬೇಕೆಂದು ಯಾರೂ ಕೇಳಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಟೀಚರ್ ಜೊತೆ ನಿಂತಿದ್ದ ನನ್ನ ಪಕ್ಕಕ್ಕೆ ಟೈಲರ್ ಬಂದರು. "ಅಲ್ಲ ತಂಗೆವ್ವ, ಸತ್ತ ಮನೆಗೆ ಬಂದೋರ ಥರ ಕುಂತಿದ್ರಲ್ಲ ಎಲ್ಲಾರೂ. ಹೊನ್ನಾಳಿಯೋರು ಹಿಂಗಲ್ಲ. ಯಾರೋ ಏನೋ ಹೇಳಿ ಹೆದರ್ಸಿರಬೇಕು."

ನಾನು ಸುಮ್ಮನಿರಬಹುದಿತ್ತು. ಹೇಳಿಬಿಟ್ಟೆ. ಟೈಲರ್ ಬಾಯಿಗೆ ಕೈಯಿಟ್ಟುಕೊಂಡರು. ಟೀಚರ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು.

"ನೀ ಮಾಡಿದ್ದು ನನ್ನ ಸಲುವಾಗೇ, ಗೊತ್ತದ. ಆದ್ರ ಮಂದಿ ಒಂದು 'ಆಹಾ' ಅನ್ನದಿದ್ರ, ನಾ ಹಾಡಿದ್ದು ಮುಟ್ಟೇತೋ ಇಲ್ಲೋ ನನಗ ಹೆಂಗ ತಿಳೀಬೇಕು? ಅವರು ದಾರಿ ತೋರಸ್ತಾರ, ನಾ ಹೋಗತೀನಿ. ಇವತ್ತ ದೀಪ ಆರಿಸಿದ ಮನ್ಯಾಗ ತಡಕಾಡಿದಂಗ ಆತು."

ಆ ರಾತ್ರಿಯೇ ಪ್ರಬಂಧ ಹುಡುಕಿ ತೆಗೆದೆ. ತೀರ್ಪಿನ ಪುಟ ಬಿಟ್ಟು ಅಡಿಟಿಪ್ಪಣಿಗಳನ್ನು ಓದಿದೆ. ನಾನೇ ನೀಟಾಗಿ ಬರೆದಿಟ್ಟಿದ್ದೆ, ನಾನೇ ಮರೆತಿದ್ದೆ. ಆ ಮೊದಲ ಸಾರ್ವಜನಿಕ ಕಛೇರಿಗಳಲ್ಲಿ ಜನ ಮಾತನಾಡುತ್ತಿದ್ದರು, ಓಡಾಡುತ್ತಿದ್ದರು. ದೊಡ್ಡ ಕೃತಿಯೊಂದರ ಭಾಗ ಹಿಡಿಸಿದರೆ ಅಲ್ಲೇ ಚಪ್ಪಾಳೆ ಹೊಡೆದು ಮತ್ತೊಮ್ಮೆ ನುಡಿಸುವಂತೆ ಒತ್ತಾಯಿಸುತ್ತಿದ್ದರು. ಒಂದೇ ಕೃತಿಯನ್ನು ತುಂಡು ಮಾಡಿ, ನಡುವೆ ಜನಕ್ಕೆ ಪ್ರಿಯವಾದ ಹಾಡುಗಳನ್ನು ಸೇರಿಸಿ ನುಡಿಸುವುದೂ ಇತ್ತು. ಮೌನ ಬಂದದ್ದು ಬಹಳ ನಂತರ.

ನ್ಯಾಮತಿಯ ಬಸ್ಸಿನಲ್ಲಿ ಇದನ್ನು ಹೇಳಬೇಕೆಂದು ಕೂತೆ. ಮೊದಲು ಕಂಡಕ್ಟರ್ ತಂಬೂರಿಯ ಹತ್ತಿರ ನಿಂತ.

"ಈ ಬುರುಡೆಗೆ ಹಾಫ್ ಟಿಕೆಟ್ಟಾ, ಫುಲ್ ಟಿಕೆಟ್ಟಾ?"

"ಹಾಫ್ ಕೊಡಪ್ಪ, ಇನ್ನೂ ಮದುವೆ ಆಗಿಲ್ಲ ಅದಕ್ಕೆ" ಎಂದರು ಟೈಲರ್.

ಕಂಡಕ್ಟರ್ ನಗುತ್ತಾ ಮುಂದೆ ಹೋದ ಮೇಲೆ ನಾನು ಅಡಿಟಿಪ್ಪಣಿಗಳ ವಿಷಯ ತೆಗೆದೆ. ಟೀಚರ್ ಪೂರ್ತಿ ನನ್ನ ಕಡೆ ತಿರುಗಿ ಕೂತರು.

"ಅಲ್ಲಿ ಮಂದೀನೂ ಹಿಂಗ ಇದ್ರಾ?"

"ಹೌದು ಟೀಚರ್. ನೂರೈವತ್ತು ವರ್ಷದ ಹಿಂದೆ."

"ಹಂಗಾರೆ ನಮ್ಮ ನ್ಯಾಮತಿಯೋರು ಅಲ್ಲೂ ಹೋಗಿದ್ರು ಅನ್ನು" ಎಂದರು ಟೈಲರ್.

"ನಿಧಾನದ ಭಾಗ ಹಾಡಿ, ನಡುವೆ ವಚನ ಒಂದು ಕೊಟ್ಟುಬಿಡಿ. ಆಮೇಲೆ ಮತ್ತೆ ಭೀಮಪಲಾಸಕ್ಕೆ ಬಂದು ವೇಗದ ಭಾಗ ಹಾಡಿ ಮುಗಿಸಿ" ಎಂದೆ. ನಾನಾಗಿ ಅವರಿಗೆ ಸಂಗೀತದ ವಿಷಯದಲ್ಲಿ ಹೇಳಿದ ಮೊದಲ ಮಾತು ಅದು.

ನ್ಯಾಮತಿಯಲ್ಲಿ ಹಾಗೇ ಮಾಡಿದರು. ಅರ್ಧ ಗಂಟೆ ಚೆನ್ನಾಗಿ ಹೋಯಿತು. ವಚನಕ್ಕೆ ಬಂದಾಗ ನಾನು ತಂಬೂರಿಯ ಮೊದಲ ತಂತಿಯನ್ನು ಮಧ್ಯಮದಿಂದ ಪಂಚಮಕ್ಕೆ ಏರಿಸಬೇಕಾಯಿತು, ಅದರ ರಾಗ ಬೇರೆ. ನಾನು ಬಿರಡೆ ತಿರುಗಿಸುವಷ್ಟರಲ್ಲಿ ಸಭೆಯಲ್ಲಿ ಮಳೆ, ಗೊಬ್ಬರ, ಯಾರದೋ ಮದುವೆಯ ಮಾತು ಶುರುವಾಯಿತು. ವಚನ ಮುಗಿದು ಮತ್ತೆ ಇಳಿಸುತ್ತಿರುವಾಗ ಇನ್ನೊಂದು ವಚನಕ್ಕೆ ಕೇಳಿಕೆ ಬಂತು, ಅದಾದ ಮೇಲೆ ಮತ್ತೊಂದು. ಭೀಮಪಲಾಸ ಅರ್ಧಕ್ಕೇ ಉಳಿಯಿತು.

"ಆರಿದ ಹಾಲಿಗೆ ಹೆಪ್ಪು ಹಾಕಿದಂಗ ಆತು" ಎಂದರು ಟೀಚರ್. ಆದರೆ ಆ ದಿನ ಅವರ ಮುಖ ಸೋತಿರಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಕಂಬಿಯ ಮೇಲೆ ಬೆರಳು ಆಡುತ್ತಲೇ ಇತ್ತು.

ಮರುದಿನ ಸಂಜೆ ಹೋದಾಗ ಅವರು ಜಗುಲಿಯ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದರು. "ಬಾ, ಕೂಡು. ಮಧ್ಯಮಕ್ಕ ಕೂಡಸು. ಈಗ ತಂತಿ ಮುಟ್ಟಬ್ಯಾಡ" ಎಂದು ಒಂದು ವಚನ ಎತ್ತಿಕೊಂಡರು. ಎಲ್ಲರಿಗೂ ಗೊತ್ತಿದ್ದ ವಚನ, ಆದರೆ ಧಾಟಿ ಹೊಸತು. ಎರಡನೆಯ ಸಾಲಿಗೆ ನನಗೆ ಅರ್ಥವಾಯಿತು. ಅದನ್ನು ಅವರು ಭೀಮಪಲಾಸಕ್ಕೆ ಕೂರಿಸಿದ್ದರು.

"ನಡುವ ವಚನ ಬೇಕಂದ್ರ ಬೇಕು. ಬ್ಯಾರೆ ರಾಗ ಯಾಕ ಬೇಕು?" ಎಂದರು. ನನ್ನ ಪುಸ್ತಕಗಳಲ್ಲಿ ಯಾರಿಗೂ ಇದು ಹೊಳೆದದ್ದು ನಾನು ಓದಿರಲಿಲ್ಲ.

ಆ ವಾರ ಆರು ಸಂಜೆಯೂ ಅದೇ ಅಭ್ಯಾಸ. ನಿಧಾನಗತಿಯಿಂದ ವಚನದ ತಾಳಕ್ಕೆ, ಅಲ್ಲಿಂದ ದ್ರುತಕ್ಕೆ, ಅಂದರೆ ವೇಗದ ಭಾಗಕ್ಕೆ, ಎಲ್ಲೂ ನಿಲ್ಲದೆ ದಾಟುವುದು. ಟೈಲರ್ ಅಂಗಡಿ ಬೇಗ ಮುಚ್ಚಿ ಬರುತ್ತಿದ್ದರು. ಒಂದು ಸಲ ದಾಟುವಲ್ಲಿ ಎಡವಿದಾಗ ತಮ್ಮನ್ನು ತಾವೇ ಬೈದುಕೊಂಡರು: "ತೋಳು ಜೋಡ್ಸೋ ಜಾಗದಾಗೆ ಹೊಲಿಗೆ ಕಾಣ್ತಾ ಐತೆ. ಬಿಚ್ಚಿ ಮತ್ತೆ ಹೊಲಿಯಾನ."

ಜಗಳೂರಿಗೆ ಹೋಗಲು ನಾನು ಒಂದು ದಿನ ರಜೆ ಹಾಕಿದೆ. ಅಲ್ಲಿ ಕಛೇರಿ ಇದ್ದದ್ದು ಶೇಂಗಾ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ. ಮೂಟೆಗಳನ್ನು ಗೋಡೆಗೆ ಒಟ್ಟಿ ಜಮಖಾನ ಹಾಸಿದ್ದರು. ಗಂಡಸರು ಮೂಟೆಗಳಿಗೆ ಒರಗಿದ್ದರು. ಹೆಂಗಸರು ಒಂದು ಬದಿಗೆ ಮೊರಗಳನ್ನು ಇಟ್ಟುಕೊಂಡು ಕೂತು ಬೀಜದ ಕಾಯಿ ಸುಲಿಯುತ್ತಿದ್ದರು. ಏರ್ಪಾಡಿನವರು ಸಂಕೋಚದಿಂದ, "ನಿಲ್ಸಾಕೆ ಹೇಳ್ಲೇನ್ರೀ ಅಕ್ಕೋರೇ?" ಎಂದು ಕೇಳಿದರು. ಟೀಚರ್ ನನ್ನ ಕಡೆ ಒಮ್ಮೆ ನೋಡಿ, "ಬ್ಯಾಡ್ರಿ, ಬ್ಯಾಡ. ಸುಲೀಲಿ" ಎಂದರು.

ಭೀಮಪಲಾಸ ಶುರುವಾಯಿತು. ಸಿಪ್ಪೆ ಒಡೆಯುವ ಸದ್ದು ಮಳೆಹನಿಯಂತೆ ಬೀಳುತ್ತಲೇ ಇತ್ತು. ಯಾರೋ ಒಳಗೆ ಬಂದರು, ಯಾರೋ ಹೊರಗೆ ಹೋದರು. ಮೂಟೆಗೆ ಒರಗಿದ್ದ ದಪ್ಪ ಮೀಸೆಯವರೊಬ್ಬರು ಪ್ರತಿ ಸಲ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದಾಗಲೂ "ಭಲೇ!" ಎನ್ನುತ್ತಿದ್ದರು, ಕೆಲವು ಸಲ ಸಮಕ್ಕೆ ಬರುವುದಕ್ಕೆ ಮುಂಚೆಯೇ. ಟೀಚರ್ ಬೆನ್ನು ಸಡಿಲವಾಗುತ್ತಾ ಬಂತು. ಮೀಸೆಯವರು ಎಲ್ಲಿ ಭಲೇ ಎಂದರೋ ಅಲ್ಲಿಗೆ ಟೀಚರ್ ಇನ್ನೊಂದು ಸಲ ಹೋಗಿ, ಇನ್ನೊಂದು ಬಗೆಯಲ್ಲಿ ಬಂದರು. ಅರ್ಧ ಗಂಟೆ ದಾಟಿತು, ಮುಕ್ಕಾಲು ಗಂಟೆಯ ಹತ್ತಿರ ಬಂತು.

"ಅಕ್ಕೋರೇ, ವಚನ ಹಾಡ್ರೀ ಒಂದು!"

ಅವರು ಕಣ್ಣು ತೆರೆಯಲಿಲ್ಲ. ಎಡಗೈಯನ್ನು ಸ್ವಲ್ಪ ಎತ್ತಿ, ಆಯಿತು ಎನ್ನುವಂತೆ ಬೀಸಿ, ಹಾಡುತ್ತಿದ್ದ ಸ್ವರದಿಂದಲೇ ವಚನದ ಮೊದಲ ಮಾತಿಗೆ ಕಾಲಿಟ್ಟರು. ಟೈಲರ್ ಹಾಕಿದ ಹೊಲಿಗೆ ಎಲ್ಲೂ ಕಾಣಲಿಲ್ಲ. ನನ್ನ ಕೈ ಬಿರಡೆಗೆ ಹೋಗಬೇಕಾಗಿರಲಿಲ್ಲ. ಜನ ಮಾತು ಗುರುತಿಸಿ ಸಂತೋಷದಿಂದ ಗದ್ದಲ ಮಾಡಿದರು. ಕೊನೆಯ ಸಾಲಿಗೆ ಹೆಂಗಸರು ದನಿ ಕೂಡಿಸಿದರು, ಶ್ರುತಿಗೆ ಒಂದಷ್ಟು ಮೇಲೆ ಒಂದಷ್ಟು ಕೆಳಗೆ. ಅವರು ಆ ಸಾಲನ್ನು ಹಾಡುತ್ತಿರುವಾಗಲೇ ಟೀಚರ್ ಅದರ ಮೇಲೆ ಸಣ್ಣದಾಗಿ ಒಂದು ತಾನ್, ಸ್ವರಗಳ ಒಂದು ವೇಗದ ಓಟ, ಹಾಕಿದರು, ಮತ್ತೊಂದು ಹಾಕಿದರು. ಟೈಲರ್ ಲಯ ಏರಿಸಿದರು. ಯಾರಿಗೂ ಗೊತ್ತಾಗುವ ಮೊದಲೇ ನಾವು ದ್ರುತದಲ್ಲಿದ್ದೆವು. ಎರಡು ಸಲ ಟೀಚರಿಗೆ ಉಸಿರು ಸಾಲಲಿಲ್ಲ. ಎರಡು ಸಲವೂ ಮೀಸೆಯವರು ಭಲೇ ಎಂದರು, ಅಷ್ಟರಲ್ಲಿ ಟೀಚರ್ ಉಸಿರು ತೆಗೆದುಕೊಂಡರು.

ಕೊನೆಯ ಷಡ್ಜಕ್ಕೆ ಬಂದು ನಿಂತಾಗ ಒಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ನಾನು ಗಡಿಯಾರ ನೋಡಿಕೊಂಡೆ. ಟೀಚರ್ ತಿರುಗಿ ನನ್ನ ಮುಖ ನೋಡಿದರು. ಟೈಲರ್ ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಂಡು, "ಈ ಶೇಂಗಾ ಧೂಳು ಬಹಳ ಕೆಟ್ಟದ್ದು" ಎಂದರು.

ಮಂಗಳ ಹಾಡಿ ಎದ್ದೆವು. ಹೆಂಗಸರ ಗುಂಪಿನಿಂದ ವಯಸ್ಸಾದ ಒಬ್ಬರು ಬಂದು ಟೀಚರ್ ಸೆರಗಿಗೆ ಎರಡು ಬೊಗಸೆ ಬೀಜ ಹಾಕಿದರು.

"ಬಾಳ ಚೆನ್ನಾಗಿತ್ತು ಕಣವ್ವ. ಒಂದ್ ಮಾತು ಕೇಳ್ತೀನಿ, ಬೇಜಾರಾಗಬ್ಯಾಡ್ರಿ."

"ಕೇಳ್ರಿ."

"ಮೊದಲಿಂದ ಕೊನೇವರೆಗೂ ಒಂದೇ ಹಾಡು ಹಾಡಿದಂಗೆ ಐತಲ್ಲ. ವಚನಾನೂ ಅದೇ ಥರ ಇತ್ತು. ಬ್ಯಾರೆ ಬರಾಕಿಲ್ವಾ ನಿಮಗೆ?"

ಟೀಚರ್ ನಗಲು ಶುರುಮಾಡಿದವರು ನಿಲ್ಲಿಸಲಾರದೆ ನನ್ನ ತೋಳು ಹಿಡಿದುಕೊಂಡರು. ಸೆರಗಿನ ಬೀಜ ನಾಲ್ಕಾರು ಜಮಖಾನದ ಮೇಲೆ ಬಿದ್ದವು. ಆ ಅಜ್ಜಿ ಗಾಬರಿಯಾಗಿ ನೋಡುತ್ತಿದ್ದರು.

"ಬರತಾವರಿ ಅವ್ವಾರ, ಬ್ಯಾರೇನೂ ಬರತಾವ" ಎಂದರು ಟೀಚರ್, ಉಸಿರು ಹಿಡಿದುಕೊಂಡು. "ಇವತ್ತ ಒಂದೇ ಹಾಡೂದಿತ್ತು."

"ಹಂಗಾರೆ ಮುಂದಿನ ಶ್ರಾವಣಕ್ಕೆ ಬಂದು ಇನ್ನೊಂದು ಹಾಡ್ರಿ."

"ಆತು" ಎಂದರು ಟೀಚರ್.